ಕಂಪಿಸದ ಏಳು ಫೋನುಗಳು

ಮಾರ್ಚ್ ೧೧, ಮಂಗಳವಾರ

ಆ ಏಳು ಫೋನುಗಳು ಇನ್ನೂ ಕಣ್ಣ ಮುಂದಿವೆ. ಕಾರ್ಖಾನೆಯಲ್ಲಿ ಪರದೆಯ ಮೇಲೆ ಬೆರಳೆಳೆದಾಗ ಹೊಸ ಫೋನು ಸರಿಯಾಗಿ ಕಂಪಿಸುತ್ತದೆಯೇ ಎಂದು ನೋಡುವುದೇ ನನ್ನ ಕೆಲಸ. ಏಳೂ ಕಂಪಿಸುತ್ತಿಲ್ಲವೆಂದು ಪಕ್ಕಕ್ಕಿಟ್ಟಿದ್ದೆ. ಮೇಲ್ವಿಚಾರಕಿ ಮುಟ್ಟಿ ನೋಡಿ, "ಎಲ್ಲಾ ಚೆನ್ನಾಗೇ ನಡುಗ್ತಿದೆಯಲ್ಲೇ, ನಿದ್ದೆ ಮಾಡ್ತಿದ್ದೀಯಾ?" ಎಂದು ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದು ನನ್ನ ಫೋನಿನ ಮೇಲೆ ಬಲಗೈ ತೋರುಬೆರಳು ಎಳೆದೆ. ಬೆರಳಿಗೆ ಏನೂ ತಿಳಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡರೆ ಗುಂಯ್ ಎನ್ನುತ್ತಿತ್ತು.

ಅಕ್ಕನಿಗೂ ಹೀಗೇ ಒಂದು ಬೆರಳು ಮರಗಟ್ಟಿ ಶುರುವಾಗಿತ್ತು. ಈಗ ಅವಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದು. ಅವಳಿಗೆ ಕರೆ ಮಾಡಿ, "ಸುಮ್ನೆ ಮಾಡಿದೆ ಕಣೇ" ಎಂದೆ. ಅವಳು, "ಯಾವ ಬೆರಳೇ?" ಎಂದಳು.

ಫೋನಿಟ್ಟುಬಿಟ್ಟೆ. ಅವಳು ಮತ್ತೆ ಮತ್ತೆ ಕರೆ ಮಾಡುತ್ತಿದ್ದಾಳೆ. ಸದ್ದು ಅಡಗಿಸಿ ಕಂಪನ ಮಾತ್ರ ಉಳಿಸಿದ್ದೇನೆ. ಫೋನು ಎಡಗೈಯಲ್ಲೇ ಇದೆ, ಆದರೂ ಪರದೆ ಬೆಳಗಿದಾಗಷ್ಟೇ ನನಗೆ ಗೊತ್ತಾಗುತ್ತಿದೆ.