ಮಾಲೂರು ಮಣ್ಣಿನ ಚಂದ್ರ

ಜುಲೈ 3, 2025. ಬೆಳಿಗ್ಗೆ 6.20

ತ್ರಿವೇಣಿಗೆ ಶುಗರ್ 212. ಇನ್ಸುಲಿನ್ ಆಯಿತು. ರಾಗಿ ಗಂಜಿ ಅರ್ಧ ಲೋಟ ಕುಡಿದಳು, ಉಳಿದದ್ದು ಹಾಗೇ. ಸ್ನಾನಕ್ಕೆ ನೀರು ಕಾದಿದೆ ಎಂದರೆ 'ಆಮೇಲೆ' ಎಂದಳು. ಈ ಆಮೇಲೆ ಮಧ್ಯಾಹ್ನದವರೆಗೂ ಹೋಗುತ್ತದೆ. ರೇಡಿಯೊ ಹಾಕಲೇ ಎಂದೆ. ಬೇಡವಂತೆ.

ಇವತ್ತು ಮೂರನೇ ಗೂಡಿಗೆ ಬೆಂಕಿ ಕೊಡುವ ದಿನ. ಎಂಟಕ್ಕೆ ಹೆಂಚಿನ ಫ್ಯಾಕ್ಟರಿಯಲ್ಲಿರಬೇಕು.

ಜುಲೈ 5, ಶನಿವಾರ

ತ್ರಿವೇಣಿಯ ಶಾಲೆಯಿಂದ ಹೆಡ್‌ಮಾಸ್ಟರ್ ರಾಮಚಂದ್ರಪ್ಪ ಬಂದಿದ್ದರು. ಟೇಕಲ್ ಕಡೆಯಿಂದ ಬೈಕಿನಲ್ಲಿ, ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು. ಸ್ಟಾಫ್ ರೂಮಿನ ಬೀರುವಿನಲ್ಲಿದ್ದ ಇವಳ ಸಾಮಾನು. ಶುಗರ್‌ನಿಂದ ಹೆಂಡತಿಯ ಎರಡು ಕಣ್ಣೂ ಹೋಗಿ ಹತ್ತು ತಿಂಗಳು. ರಜೆ ಮುಗಿಯುತ್ತಾ ಬಂದಿದೆ.

"ಮೇಡಂ, ಬರ್ತೀನಿ ಅಂದ್ರೆ ನಾಳೇನೇ ಕ್ಲಾಸ್ ಕೊಡ್ತೀನಿ. ಕಾನೂನೂ ನಿಮ್ಮ ಕಡೆಗಿದೆ. ಆಗಲ್ಲ ಅಂದ್ರೆ ಇದು ಸ್ವಯಂನಿವೃತ್ತಿ ಅರ್ಜಿ. ದಸರಾ ರಜೆ ಶುರುವಾಗೋದ್ರೊಳಗೆ ಹೇಳಿದ್ರೆ ಸಾಕು."

"ಬೋರ್ಡೇ ಕಾಣದವಳು ಏನ್ ಪಾಠ ಮಾಡ್ಲಿ ಸಾರ್? ಈಗ್ಲೇ ಸೈನ್ ಹಾಕ್ಕೊಡ್ತೀನಿ. ಎಲ್ಲಿ ಅಂತ ಬೆರಳಿಟ್ಟು ತೋರ್ಸಿ."

ಅವರು ಪೆನ್ನು ತೆಗೆಯಲಿಲ್ಲ. ಕಾಗದ ನನ್ನ ಕೈಗಿಟ್ಟು ಹೊರಟರು. ದೊಡ್ಡ ಮನಸ್ಸು.

ಜುಲೈ 6, ಭಾನುವಾರ

ಪೆಟ್ಟಿಗೆ ಬಿಚ್ಚಿದೆ. ಡಸ್ಟರ್, ಒಂದು ಶಾಲು, ಮುರಿದ ಗ್ಲೋಬಿನ ಸ್ಟ್ಯಾಂಡು, ಆರು ನೋಟ್‌ಬುಕ್ಕು.

"ಎಲ್ಲಾ ರದ್ದಿಗೆ ಹಾಕ್ಬಿಡಿ" ಎಂದಳು. ಗೋಡೆ ಕಡೆ ತಿರುಗಿ ಮಲಗಿದ್ದಳು.

ಮೇಲಿದ್ದ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅವಳದೇ ಅಕ್ಷರ: 'ಚಂದ್ರನಲ್ಲಿಗೆ ಹೋದವರು. ಒಂಬತ್ತನೇ ತರಗತಿ. ಸಿಲಬಸ್ಸಿನಲ್ಲಿಲ್ಲ, ಆದರೂ ಹೇಳಬೇಕು.' ಏನು ತೋಚಿತೋ... ಗಟ್ಟಿಯಾಗಿ ಓದಿದೆ.

"ಸಾವಿರದ ಒಂಬೈನೂರ ಅರವತ್ತೆಂಟು, ಡಿಸೆಂಬರ್. ಅಪ್ಪೋಲೋ ಎಂಟು..."

"ಅಪ್ಪೋಲೋ ಅಲ್ರೀ. ಅಪೊಲೊ."

ಓದುವುದು ನಿಲ್ಲಿಸಿದೆ. ಗೋಡೆಗೆ ಹೇಳುವ ಹಾಗೆ ಅವಳೇ ಮುಂದುವರಿಸಿದಳು. "ಮೂರು ಜನ. ಚಂದ್ರನ ಸುತ್ತ ಹತ್ತು ಸುತ್ತು. ಹಿಂದಕ್ಕೆ ಹೋದ ತಕ್ಷಣ ರೇಡಿಯೊ ಕಟ್. ಭೂಮೀನೂ ಕಾಣಲ್ಲ. ಅವತ್ತಿನವರೆಗೂ ಹುಟ್ಟಿದ ಯಾವ ಮನುಷ್ಯನೂ ಚಂದ್ರನ ಬೆನ್ನನ್ನ ಕಣ್ಣಾರೆ ನೋಡಿರ್ಲಿಲ್ಲ. ಇವರು ನೋಡಿದ್ರು."

ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಇತ್ತು. ರದ್ದಿಗೆ ಹಾಕಲಿಲ್ಲ.

ಜುಲೈ 12. ರಾತ್ರಿ 8

ದಿನಾ ಸಂಜೆ ಒಂದೆರಡು ಪುಟ. ಬೇಡ ಎನ್ನುವುದಿಲ್ಲ, ಬೇಕು ಎಂದೂ ಎನ್ನುವುದಿಲ್ಲ.

ನನಗೇ ಹುಚ್ಚು ಹಿಡಿದಿದೆ. ಚಂದ್ರನಿಂದ ವಾಪಸ್ ಬರುವಾಗ ಅವರ ಗಾಡಿ ಗಾಳಿಗೆ ಉಜ್ಜಿ ಎರಡು ಸಾವಿರದ ಏಳುನೂರು ಡಿಗ್ರಿ ಕಾಯುತ್ತಿತ್ತಂತೆ. ನಮ್ಮ ಗೂಡು ಒಂಬೈನೂರು ಮುಟ್ಟಿದರೆ ನಾನು ಮಾರು ದೂರ ನಿಲ್ಲುತ್ತೇನೆ. ಅದರ ಮೂರರಷ್ಟು ಬೆಂಕಿ, ನಡುವೆ ಒಂದು ಗೋಡೆ, ಗೋಡೆಯ ಈಚೆ ಮೂರು ಜನ ಕೂತಿದ್ದಾರೆ! ಇವತ್ತು ಗೂಡಿನ ಕಿಂಡಿಯಲ್ಲಿ ಇಣುಕಿದಾಗ ಕೆಂಪಗೆ ಉರಿಯುವ ಹೆಂಚು ಕಾಣಲಿಲ್ಲ. ಅವರೇ ಕಂಡರು. ಎಷ್ಟು ಹೊತ್ತು ನಿಂತಿದ್ದೆನೋ, ಮುಖ ಸುಟ್ಟ ಮೇಲೆ ಎಚ್ಚರ.

ಜೊತೆಯಲ್ಲಿ ಕೆಲಸ ಮಾಡುವ ಮುನಿಯಲ್ಲಮ್ಮನಿಗೆ ಅಪೊಲೊ ಹದಿಮೂರರ ಕತೆ ಹೇಳಿದೆ. ದಾರಿಯಲ್ಲಿ ಟ್ಯಾಂಕ್ ಸಿಡಿದದ್ದು, ಇಳಿಯಲೆಂದು ಇದ್ದ ಗಾಡಿಯಲ್ಲೇ ಚಳಿಯಲ್ಲಿ ಮುದುಡಿ ಕೂತದ್ದು, ಚಂದ್ರನನ್ನು ಬಳಸಿಕೊಂಡು ವಾಪಸ್ ಬಂದದ್ದು. ಅರವತ್ತು ದಾಟಿದ ಹೆಂಗಸು, ಮೂಲೆ ಹೆಂಚು ಸವರುತ್ತಿದ್ದ ಕೈ ನಿಂತೇ ಹೋಯಿತು.

"ಏಮಪ್ಪಾ ಕದಿರೇಶಾ, ಅಷ್ಟು ದೂರ ಹೋಗಿ ಕಾಲಿಡ್ದೇ ಬಂದ್ರಾ? ಅಯ್ಯೋ ದೇವುಡಾ. ಅವ್ರ ಹೆಂಡ್ತೀರು ಆ ನಾಕು ದಿನ ಹೆಂಗಿದ್ರೋ."

ಜುಲೈ 21

ಬೆಳಿಗ್ಗೆ ಐದಕ್ಕೆ ಹಾಲಿಗೆ ಹೋಗಿದ್ದೆ. ಪೂರ್ವದಲ್ಲಿ ತೆಳ್ಳಗೆ ಚಂದ್ರ. ಬಂದು ಹೇಳಿದೆ.

"ಇವತ್ತು ತಾರೀಖು ಎಷ್ಟು?" ಎಂದಳು. ಇಪ್ಪತ್ತೊಂದು ಎಂದೆ. ಎದ್ದು ಕೂತಳು!

"ನಮ್ಮ ಲೆಕ್ಕದಲ್ಲಿ ಇವತ್ತೇ ಕಣ್ರೀ ಇಳಿದಿದ್ದು. ಅರವತ್ತೊಂಬತ್ತು. ಬೆಳಗಿನ ಜಾವ ಒಂದು ನಲವತ್ತೇಳು. ಕಂಪ್ಯೂಟರ್ ಕರ್ಕೊಂಡು ಹೋದ ಜಾಗದಲ್ಲಿ ಬರೀ ಬಂಡೆ. ಆರ್ಮ್‌ಸ್ಟ್ರಾಂಗ್ ತಾನೇ ಹಿಡಿದು ಮುಂದಕ್ಕೆ ಹಾರಿಸ್ದ. ಇಂಧನ ತೀರ್ತಾ ಬಂದಿತ್ತು. ಇಬ್ಬರು ಕೆಳಗೆ. ಮೇಲೆ ಕಾಲಿನ್ಸ್ ಒಬ್ಬನೇ ಸುತ್ತುತಾ ಇದ್ದ. ಪ್ರತಿ ಸುತ್ತಲ್ಲೂ ಮುಕ್ಕಾಲು ಗಂಟೆ ಚಂದ್ರನ ಹಿಂದೆ. ಒಂದು ಮಾತಿಲ್ಲ, ಒಂದು ದನಿಯಿಲ್ಲ. ಇದ್ದಬದ್ದ ಮನುಷ್ಯರೆಲ್ಲ ಚಂದ್ರನ ಆ ಕಡೆ, ಇವನೊಬ್ಬ ಈ ಕಡೆ."

ಒಂದೇ ಉಸಿರಿಗೆ ಹೇಳಿದಳು. ಲೋಟ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಕಾಫಿ ಆರಿತು.

ಆಮೇಲೆ ಕೇಳಿದಳು, "ಈಗ ಎಷ್ಟು ದಪ್ಪ ಇದೆ ಚಂದ್ರ?"

ಉಗುರಿನ ತುದಿಯಷ್ಟು ಎಂದೆ.

"ನಾನಿನ್ನು ಅದನ್ನ ನೋಡಲ್ಲ ಅಲ್ವಾ?"

ಹತ್ತು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.  ಕೈ ಹಿಡಿದುಕೊಂಡು ಕೂತೆ. ಫ್ಯಾಕ್ಟರಿಗೆ ಒಂದು ಗಂಟೆ ಲೇಟು.

ಜುಲೈ 29

ಕೆರೆ ಮಣ್ಣನ್ನು ಎರಡು ಸಲ ಜರಡಿ ಹಿಡಿದೆ. ಫುಟ್‌ಬಾಲ್ ಗಾತ್ರದ ಮಣ್ಣಿನ ಚಂದ್ರನಿಗೆ ಪ್ಲಾಸ್ಟರ್ ಅಚ್ಚು, ಎರಡು ಹೋಳು. ನೋಟ್‌ಬುಕ್ಕಿನಲ್ಲಿ ಅವಳು ಬರೆದ ನಕ್ಷೆ ಎದುರಿಗಿಟ್ಟುಕೊಂಡು ಅಚ್ಚಿನೊಳಗೆ ಕೆತ್ತಿದೆ. ಮನುಷ್ಯರು ಇಳಿದ ಆರು ಜಾಗ, ಮಣ್ಣಿನ ಮೇಲೆ ಆರು ಉಬ್ಬು ಬರುವ ಹಾಗೆ. ತ್ರಿವೇಣಿಯ ಕೈಗೆ ಸಿಗಬೇಕು.

"ಚಂದ್ರುನ್ನೂ ಸುಟ್ಟು ಮಾರೋಕೆ ಹೊಂಟ್ಯಾ ಏಮಿ?" ಎಂದಳು ಮುನಿಯಲ್ಲಮ್ಮ.

ಯಾರಿಗೆಂದು ಹೇಳಿದೆ.  ಎರಡು ಹೋಳು ಕೂಡಿಸಿದ ಕಡೆ ಗೆರೆ ಕಾಣದ ಹಾಗೆ ಅವಳೇ ಸವರಿಕೊಟ್ಟಳು.

ಆಗಸ್ಟ್ 9. ಸಂಜೆ

ಸುಟ್ಟ ಚಂದ್ರನನ್ನು ಮನೆಗೆ ತಂದು ಅವಳ ಮಡಿಲಲ್ಲಿಟ್ಟೆ. ಏನೆಂದು ಹೇಳಲಿಲ್ಲ. ಮುಟ್ಟಿ ನೋಡಲಿ ಎಂದು ಪಕ್ಕದಲ್ಲೇ ನಿಂತಿದ್ದೆ.

ಬೆರಳು ಓಡಿದವು. ನಿಂತವು. ಮತ್ತೆ ಓಡಿದವು. ಹುಬ್ಬು ಗಂಟಿಕ್ಕಿದಳು.

"ಅಪೊಲೊ ಹನ್ನೊಂದು ಬಲಕ್ಕಿರ್ಬೇಕು. ಎಡಕ್ಕಿದೆ. ಹನ್ನೆರಡು, ಹದಿನಾಲ್ಕು ಎಡಕ್ಕಿರ್ಬೇಕು, ಬಲಕ್ಕೆ ಬಂದಿವೆ... ರೀ, ಅಚ್ಚಲ್ಲಿ ನೇರ ಕೆತ್ತಿದ್ರಾ?"

ಮೂವತ್ತೊಂದು ವರ್ಷ ಅಚ್ಚಿನ ಕೆಲಸ ನೋಡಿದವನು. ಅಚ್ಚಿನಲ್ಲಿ ಎಡ ಕೆತ್ತಿದರೆ ಹೆಂಚಿನಲ್ಲಿ ಬಲ. ಹೊಸದಾಗಿ ಸೇರಿದವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಭೂಮಿ ಬಾಯ್ಬಿಡಬಾರದೇ ಅನಿಸಿತು.

ತ್ರಿವೇಣಿ ನಕ್ಕಳು. ಸಣ್ಣದಾಗಿ ಶುರುವಾಗಿ, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ. "ಕನ್ನಡಿಯೊಳಗಿನ ಚಂದ್ರನ್ನ ಮಾಡ್ಕೊಂಡು ಬಂದಿದೀರಲ್ರೀ!"

ಈ ಮನೆಯಲ್ಲಿ ಆ ಸದ್ದು ಕೇಳಿ ವರ್ಷವಾಗಿತ್ತು.

ಆಗಸ್ಟ್ 14. ರಾತ್ರಿ 7.30

ಇವತ್ತು ಅವಳು ಹೊರಗೆ ಬಂದಳು. ಅವಳೇ ಹೇಳಿದ್ದು: "ನೀವು ಮಾಡಿದ್ರೆ ಮತ್ತೆ ತಿರುಗಾಮುರುಗಾ ಮಾಡ್ತೀರಿ. ಹಸಿ ಮಣ್ಣಲ್ಲೇ ನಂಗೆ ಕೊಡಿ." ಆಟೋದಲ್ಲಿ ಕರೆದುಕೊಂಡು ಹೋದೆ. ಬೀದಿಯ ಜನ ನೋಡುತ್ತಾರೆ ಎಂದು ಇಷ್ಟು ದಿನ ಬಾಗಿಲು ದಾಟದಿದ್ದವಳು, ದಾರಿಯುದ್ದಕ್ಕೂ ನೆಟ್ಟಗೆ ಕೂತಿದ್ದಳು.

ನುಣ್ಣಗಿನ ಮಣ್ಣಿನ ಚೆಂಡು ಎದುರಿಗಿಟ್ಟೆ. ಮುನಿಯಲ್ಲಮ್ಮ ಅವರೆಕಾಳಿನಷ್ಟು ಮಣ್ಣಿನ ಉಂಡೆ ಮಾಡಿ ಮಾಡಿ ಕೈಗೆ ಕೊಟ್ಟಳು.

ಮೊದಲು ಹೆಬ್ಬೆರಳಲ್ಲಿ ಒತ್ತಿ ತಗ್ಗು ಮಾಡಿದಳು. ಶಾಂತಿಸಾಗರ, ಚಂದ್ರನ ಮೇಲಿನ ಒಂದು ಬಯಲು. ಅದರ ಅಂಚಿಗೆ ಒಂದು ಉಂಡೆ. "ಹನ್ನೊಂದು." ಎಡಕ್ಕೆ ಸರಿದಳು. "ಹನ್ನೆರಡು. ಅದರ ಪಕ್ಕಕ್ಕೇ ಹದಿನಾಲ್ಕು." ಮೇಲಕ್ಕೆ. ಬೆಟ್ಟದ ಸಾಲನ್ನು ಚಿವುಟಿ ಎಬ್ಬಿಸಿದಳು. "ಹದಿನೈದು. ಚಂದ್ರನ ಮೇಲೆ ಮೊದಲ ಸಲ ಗಾಡಿ ಓಡಿಸಿದ್ದು ಇಲ್ಲೇ." ಕೆಳಗೆ. "ಹದಿನಾರು." ಬಲಕ್ಕೆ, ಮೇಲಕ್ಕೆ. "ಹದಿನೇಳು. ಕಿತ್ತಳೆ ಬಣ್ಣದ ಮಣ್ಣು ಸಿಕ್ಕಿದ್ದು ಇಲ್ಲಿ. ಎಪ್ಪತ್ತೆರಡು, ಡಿಸೆಂಬರ್. ನಾನು ಅಂಬೆಗಾಲಿಡ್ತಿದ್ದೆ. ಅದಾದ್ಮೇಲೆ ಯಾರೂ ಹೋಗಿಲ್ಲ."

ಕೈ ಒಂದು ಸಲವೂ ತಡವರಿಸಲಿಲ್ಲ. ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಬರೆದ ಕೈ. ಕೆಲಸ ಬಿಟ್ಟು ಎಲ್ಲರೂ ಸುತ್ತ ನಿಂತಿದ್ದರು.

"ಎಷ್ಟು ಎತ್ತರದಲ್ಲಿ ಸುತ್ತುತಿದ್ರಮ್ಮಾ?" ಮುನಿಯಲ್ಲಮ್ಮ ಕೇಳಿದಳು.

"ಚಂದ್ರ ಇಷ್ಟಿದ್ರೆ, ಮೇಲೆ ಒಂದು ಪೆನ್ಸಿಲ್ ಮಲಗಿಸಿ ಇಡಿ. ಅಷ್ಟೇ ಎತ್ತರ. ಭೂಮಿ ಎಲ್ಲಿ ಗೊತ್ತಾ? ಇಪ್ಪತ್ನಾಲ್ಕು ಮೀಟರ್ ಆಚೆ."

ನಾನು ಹೆಜ್ಜೆ ಹಾಕಿ ಅಳೆದೆ. ಗೇಟಿನ ಹತ್ತಿರಕ್ಕೆ ಬಂತು. ಅಲ್ಲಿಂದ ತಿರುಗಿ ನೋಡಿದೆ. ದೀಪದ ಕೆಳಗೆ ಸಣ್ಣ ಚೆಂಡು, ಅದರ ಮೇಲೆ ಅವಳ ಎರಡು ಕೈ.  ಇಷ್ಟು ದೂರದಿಂದ ಹೊರಟು ಅಲ್ಲಿ ಹೋಗಿ ನಿಂತರಲ್ಲ... ಆರು ಸಲ ಇಬ್ಬಿಬ್ಬರಂತೆ ಹನ್ನೆರಡು ಜನ!

ಆಗಸ್ಟ್ 27. ಕೋಲಾರ

ಗಣೇಶನ ಹಬ್ಬ. ಆಸ್ಪತ್ರೆಯ ವಾರ್ಡಿನಲ್ಲಿದ್ದೇವೆ. ಇವತ್ತಿಗೆ ಒಂಬತ್ತು ದಿನ.

ತ್ರಿವೇಣಿಯ ಕಾಲಲ್ಲಿ ಗಾಯವಾಗಿ ಸೋಂಕು. ಒಂದು ಹಂತದಲ್ಲಿ ಎರಡು ಬೆರಳು ತೆಗೆಯಬೇಕಾಗಬಹುದು ಎಂದರು. ಬರೆಯುವ ಶಕ್ತಿ ಇರಲಿಲ್ಲ. ಇವತ್ತು ಜ್ವರ ಇಳಿದಿದೆ. ಬೆರಳು ಉಳಿದವು ಎಂದು ಡಾಕ್ಟರ್ ಹೇಳಿದರು.

ಮುನಿಯಲ್ಲಮ್ಮನ ಫೋನ್. "ನಿನ್ ಚಂದ್ರ ಬಿರುಕು ಬಿಟ್ಟಿಲ್ಲ ಕಣಪ್ಪಾ. ದಿನಾ ಹಸಿ ಗೋಣಿ ಹೊದಿಸಿ, ತಿರುಗ್ಸಿ ಇಡ್ತಾ ಇದೀನಿ. ಮೆಲ್ಲಗೆ ಆರ್ಲಿ. ನಿನ್ ಹೆಂಡ್ತಿಗೆ ಹೇಳು."

ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೈ ಮುಗಿದಳು.

ಸೆಪ್ಟೆಂಬರ್ 5

ಮೊನ್ನೆ ಮನೆಗೆ ಬಂದೆವು. ಚಂದ್ರನನ್ನು ಮುನಿಯಲ್ಲಮ್ಮ ಆಗಲೇ ಸುಡಲು ಇಡಿಸಿದ್ದಳು; ಇವತ್ತು ಗೂಡು ಬಿಚ್ಚಿದೆ. ಪಕ್ಕದಲ್ಲಿಟ್ಟಿದ್ದ ಎರಡು ಮೂಲೆ ಹೆಂಚು ಸಿಡಿದು ಚೂರಾಗಿದ್ದವು. ಬೂದಿಯ ನಡುವೆ ಚಂದ್ರ ಗುಂಡಗೆ, ಕೆಂಪಗೆ, ಇಡಿಯಾಗಿ ಕೂತಿತ್ತು. ಟವೆಲ್ಲಿನಲ್ಲಿ ಸುತ್ತಿ ತಂದೆ. ಇನ್ನೂ ಬೆಚ್ಚಗಿತ್ತು.

ತುಂಬಾ ಹೊತ್ತು ಮಡಿಲಲ್ಲಿಟ್ಟುಕೊಂಡಿದ್ದಳು. ಆಮೇಲೆ, "ಆ ಅರ್ಜಿ ಎಲ್ಲಿದೆ?"

 ಬೀರುವಿನಲ್ಲಿದೆ ಎಂದೆ.

"ಇರ್ಲಿ. ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿ. ಒಂದೇ ಒಂದು ಪೀರಿಯಡ್ ಕೊಡಿ ಅನ್ನಿ. ಸೈನ್ ಮಾಡೋದಾ ಬೇಡ್ವಾ, ಅದಾದ್ಮೇಲೆ ಹೇಳ್ತೀನಿ."

ಸೆಪ್ಟೆಂಬರ್ 14, ಭಾನುವಾರ

ನಾಳೆ ಅವಳ ಪೀರಿಯಡ್. ಮೂರು ಸಲ ಸೀರೆ ಬದಲಾಯಿಸಿದಳು. ಯಾವ ಬಣ್ಣ ಎಂದು ಮೂರು ಸಲ ಕೇಳಿದಳು. ಊಟ ಸೇರಲಿಲ್ಲ.

"ಮಕ್ಕಳು ನಕ್ಕುಬಿಟ್ರೆ?"

ನಗಲಿ ಬಿಡು ಎಂದೆ. ತಪ್ಪು ಮಾತು. 

ಸೆಪ್ಟೆಂಬರ್ 15. ಬೆಳಿಗ್ಗೆ 11.40, ಶಾಲೆಯ ಜಗುಲಿ

ಒಳಗೆ ಪಾಠ ನಡೆದಿದೆ. ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಪ್ಪತ್ತೇಳು ವರ್ಷದ ಸಂಸಾರ. ಅವಳ ಒಂದು ಪಾಠವನ್ನೂ ನಾನು ಕೇಳಿರಲಿಲ್ಲ.

ಮೊದಲ ಐದು ನಿಮಿಷ ದನಿ ನಡುಗುತ್ತಿತ್ತು. ಹಿಂದೆ ಯಾರೋ ಪಿಸುಗುಟ್ಟಿದರು.  ಆಗ ಅವಳು ಹೇಳಿದಳು, "ಎಲ್ರೂ ಕಣ್ಣು ಮುಚ್ಚಿ. ಯಾರಾದ್ರೂ ಬಿಟ್ರೆ ನಂಗೆ ಗೊತ್ತಾಗುತ್ತೆ." ಒಂದು ನಗು ಎದ್ದು ಅಡಗಿತು. ಚಂದ್ರನನ್ನು ಮುಂದಿನ ಬೆಂಚಿಗೆ ಕೊಟ್ಟಳು. ಕೈಯಿಂದ ಕೈಗೆ. ಕಿಟಕಿಯಲ್ಲಿ ನೋಡಿದೆ. ನಲವತ್ತೆರಡು ಮಕ್ಕಳು, ಎಲ್ಲರದ್ದೂ ಕಣ್ಣು ಮುಚ್ಚಿದೆ. ಒಳಗೆ ಅವಳ ದನಿ ಮಾತ್ರ. ಈಗ ನಡುಕವಿಲ್ಲ.

"ಮಿಸ್, ಹಿಂದುಗಡೆ ಏನೂ ಸಿಗ್ತಾ ಇಲ್ಲ." ಒಂದು ಹುಡುಗಿ.

"ಅಲ್ಲಿ ಮನುಷ್ಯರು ಇನ್ನೂ ಇಳಿದಿಲ್ಲಮ್ಮ. ಮುಂದಿನ ವರ್ಷ ನಾಲ್ಕು ಜನರನ್ನ ಕಳಿಸೋ ಯೋಚನೆ ಇದೆ, ಒಬ್ಬಳು ಹೆಂಗಸೂ ಇದಾಳೆ. ಅವರೂ ಬರೀ ಬಳಸಿಕೊಂಡು ಬರೋದು. ಅಲ್ಲಿ ನೀನು ಇಳಿದ್ರೆ ಬಂದು ಹೇಳು, ಒಂದು ಉಬ್ಬು ಇಡ್ತೀನಿ."

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ. ರಾಮಚಂದ್ರಪ್ಪನವರು ಬಂದು ಬಾಗಿಲಲ್ಲಿ ನಿಂತರು. ಚಪ್ಪಲಿ ಸದ್ದಿಗೇ ಗುರುತು ಹಿಡಿದಳು.

"ಸಾರ್, ನಾವಿನ್ನೂ ಹದಿನಾಲ್ಕಕ್ಕೇ ಬಂದಿದೀವಿ. ನಾಳೆ ನಂಗೆ ಯಾವ ಪೀರಿಯಡ್?"

 ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಯಾವ್ದು ಕೇಳ್ತೀರೋ ಅದು, ಮೇಡಂ" ಎಂದಷ್ಟೇ ಅಂದರು.

ಈಗ ನನ್ನನ್ನೂ ಕರೆಯುತ್ತಿದ್ದಾಳೆ. ಕೊನೆಯ ಬೆಂಚಿನಲ್ಲಿ ಒಂದು ಜಾಗ ಖಾಲಿ ಇದೆಯಂತೆ. ಪೆನ್ನು ಒಳಗಿಟ್ಟು, ಕಣ್ಣು ಮುಚ್ಚಿಕೊಂಡು ಕೂರಬೇಕಂತೆ. ಹೊರಟೆ.