ಹಳೇ ಬ್ಯಾರಕ್ಕಿನ ಗೋಡೆಗಳು

ಜೂನ್ ೧೧, ಭಾನುವಾರ

ನನ್ನ ಪುಟ್ಟೀ,

ಚೆನ್ನಾಗಿದ್ದೀಯ ತಾನೆ? ನಿನ್ನ ಕಾಗದ ಬಂದು ತಿಂಗಳಾಯಿತು. ಸುಣ್ಣಕ್ಕೆ ಬೆರಳೆಲ್ಲ ಒಡೆದು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಬೈಯಬೇಡ, ಬೈದರೂ ಇಲ್ಲಿಗೆ ಕೇಳಿಸುವುದಿಲ್ಲ.

ಸಿಪಾಯಿಗಳಿದ್ದ ಹಳೇ ಬ್ಯಾರಕ್ಕನ್ನು ಹೆರಿಗೆ ಆಸ್ಪತ್ರೆ ಮಾಡುತ್ತಿದ್ದಾರೆ, ಬಣ್ಣದ ಕೆಲಸ ನಮ್ಮ ತಂಡಕ್ಕೇ ಸಿಕ್ಕಿತು. ನಿನ್ನ ಮಗಳ ಹೆರಿಗೆಯೂ ಅಲ್ಲೇ ಎಂದು ತಿಳಿದು, 'ಆ ಹೊಸ್ತಿಲು ನಾನು ದಾಟೋದಿಲ್ಲ' ಎಂದು ಬರೆದಿದ್ದೀಯ. ಅದು ಜ್ವರದ ಆಸ್ಪತ್ರೆಯಾಗಿದ್ದಾಗ ಒಳಹೋದ ಅಮ್ಮ ಮತ್ತೆ ಹೊರಗೆ ಬರಲಿಲ್ಲ. ನಿನ್ನದು ತಪ್ಪೆಂದು ನಾನು ಹೇಳಲಾರೆ. ಆದರೂ ಕೇಳು.

ಮೊದಲ ದಿನ ಒಳಗೆ ಕಾಲಿಟ್ಟಾಗ ಕತ್ತೆತ್ತಿ ನೋಡುತ್ತಾ ಹೆಗಲ ಮೇಲಿನ ಏಣಿ ಇಳಿಸುವುದನ್ನೇ ಮರೆತೆ. ಇರುವುದೊಂದೇ ಕೋಣೆ, ಆ ಕೊನೆಯಲ್ಲಿ ನಿಂತವರ ಮುಖ ಈ ಕೊನೆಗೆ ಕಾಣುವುದಿಲ್ಲ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಮೂವರು ಕೂತು ಊಟ ಮಾಡುತ್ತೇವೆ. 'ಅಕ್ಕಾ, ಇದನ್ನ ಕಟ್ಟಿದೋರು ನಮ್ಮಂಥ ಮನುಷ್ಯರೇನಾ?' ಎಂದಳು ಜೊತೆ ಕೆಲಸದವಳು.

ಕೆರೆಯುತ್ತಾ ಹೋದೆವು. ಮೇಲೆ ಶಾಲೆಯ ನೀಲಿ, ಅದರ ಮೇಲೆ ಯಾವುದೋ ತರಲೆ ಬಿಡಿಸಿದ ಕೊಂಬಿನ ಮೇಷ್ಟ್ರು. ಅದರಡಿ ಗೋದಾಮಿನ ಕಾಲದ ಜಿಡ್ಡು. ಅದರಡಿ ಆಸ್ಪತ್ರೆಯ ಸುಣ್ಣ, ಪದರದ ಮೇಲೆ ಪದರ. ಎಲ್ಲಕ್ಕಿಂತ ಕೆಳಗೆ ಸಿಪಾಯಿಗಳ ಹಸಿರು, ಬಂದೂಕು ಒರಗಿಸಿಟ್ಟಲ್ಲೆಲ್ಲ ಸಾಲಾಗಿ ತಗ್ಗು. ಕೊಲ್ಲಲು ಕಲಿತವರನ್ನೂ, ಸಾಯುತ್ತಿದ್ದವರನ್ನೂ, ಮಗ್ಗಿ ಕೂಗಿದ ಮಕ್ಕಳನ್ನೂ ಈ ಒಂದೇ ಸೂರು ಮಳೆಬಿಸಿಲಿನಿಂದ ಕಾಯ್ದಿದೆಯಲ್ಲ ಎಂದು ಮೈ ಜುಮ್ಮೆಂದಿತು. ಇನ್ನು ಇಲ್ಲಿ ಕೂಸುಗಳು ಅಳುತ್ತವೆ.

ನಿನ್ನ ಮಗಳು ಮೊನ್ನೆ ನೋಡಲು ಬಂದಿದ್ದಳು. 'ದೊಡ್ಡಮ್ಮಾ, ಅಮ್ಮನ್ನ ಬಲವಂತ ಮಾಡ್ಬೇಡ. ನೋವು ಬಂದಾಗ ನೀನು ಪಕ್ಕದಲ್ಲಿರು, ಸಾಕು' ಅಂದಳು. ಹೇಳುವಾಗ ಕಣ್ಣು ಬಾಗಿಲ ಕಡೆಗೇ ಇತ್ತು. ನಾನಿರುತ್ತೇನೆ ಪುಟ್ಟೀ, ಆದರೆ ಅವಳಿಗೆ ಬೇಕಾಗಿರುವುದು ನೀನು.

ತಾಯಿ ಮಗು ಇಬ್ಬರೂ ಸುಖವಾಗಿ ಮನೆ ಸೇರಲಿ, ನಿನ್ನ ಮನಸ್ಸೂ ಹಗುರಾಗಲಿ.

ನಿನ್ನ ಅಕ್ಕ

ಇನ್ನೊಂದು ಮಾತು: ಅಮ್ಮನ ಮಂಚ ಎಲ್ಲಿತ್ತೆಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಯಾರಿಗೂ ಗೊತ್ತಿಲ್ಲ. ಆಗ ನಮ್ಮಿಬ್ಬರನ್ನು ಗೇಟಿನ ಆಚೆಗೇ ನಿಲ್ಲಿಸಿದ್ದರಲ್ಲ. ಬಣ್ಣ ಬಳಿಯುವ ಮೊದಲು ಗೋಡೆಯ ಮೇಲೆ ಅಂಗೈ ಆಡಿಸಿ ಧೂಳು ಉಳಿದಿದೆಯೇ ಎಂದು ನೋಡುತ್ತೇವೆ. ಈ ಸಲ ಆ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಮಲಗಿದವರಿಗೆ ಎಟುಕುವಷ್ಟು ಎತ್ತರದಲ್ಲಿ, ನೆಲದ ಮೇಲೆ ಕೂತು ಸರಿಯುತ್ತಾ, ಬಲಗಡೆಯ ಗೋಡೆ ಪೂರ್ತಿ ನಾನೇ ಸವರಿದೆ. ಎಡಗಡೆಯದನ್ನು ಬಣ್ಣ ಬಳಿಯದೆ ನಿನಗೆ ಬಿಟ್ಟಿದ್ದೇನೆ.