ಕಾಲುಬೇನೆಯ ಹುಡುಗಿಯ ಕಣ್ಣು

ಗದಗ
ಶ್ರಾವಣದ ಮೂವತ್ತೆಂಟನೆಯ ದಿನ, 2165

ನನ್ನ ಮುತ್ತಜ್ಜಿ ಸೃಜನಾಳ ತಾಯಿ ನೀಲಾಂಬಿಕೆಯವರಿಗೆ, ಸೃಜನಾಳ ಮರಿಮೊಮ್ಮಗಳು ಪ್ರಣತಿಯ ಶರಣು.

ಮೂವತ್ತೆಂಟನೆಯ ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ, ನಾವು ಪಂಚಾಂಗವನ್ನು ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿನ್ನಂಚೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು, ಒಂದು ಮನೆಗೆ ಒಂದೇ ಸಲ ಸಿಗುತ್ತದೆ. ಬಂಗಾರ ಕೊಂಡಿಡಲು ಬರೆಯೋಣವೆಂದ ನನ್ನ ತಮ್ಮನನ್ನು ‘ಸುಮ್ನ ಕುಂದ್ರೋ ಶಾಣ್ಯಾ’ ಎಂದು ಗದರಿಸಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಮೊದಲ ಹಲ್ಲು ಮೂಡಿದ ದಿನವೇ ಕೂಸಿಗೆ ಮುನಿಸಿಳಿಕೆ ಹಾಕುತ್ತಾರೆ. ಮೈ ತನ್ನ ಕೀಲುಗಳ ಮೇಲೆ ತಾನೇ ಮುನಿಸಿಕೊಂಡು ಊದಿಸದಂತೆ ಬುದ್ಧಿ ಹೇಳುವ ಒಂದು ಹನಿ ಅದು. ಸಕ್ಕರೆ ಹಂಚಿ, ಸೋಬಾನೆ ಹಾಡಿ ಹನಿಸುತ್ತೇವೆ. ಮಕ್ಕಳ ಸಂಧಿವಾತವನ್ನು ಕಂಡವರು ಈಗ ಯಾರೂ ಇಲ್ಲ. ನಾನು ಅದನ್ನು ಕೇಳಿದ್ದು ಮುತ್ತಜ್ಜಿಯ ಬಾಯಿಂದ. ಆ ಬೇನೆ ಹತ್ತಿದ್ದ ಚಿಕ್ಕಂದಿನಲ್ಲಿ, ಬೆಳಿಗ್ಗೆ ನೀವು ಎಬ್ಬಿಸಲು ಬಂದರೆ ‘ಯವ್ವಾ, ನಾ ಎದ್ದೀನಿ, ಮೊಣಕಾಲ ಇನ್ನೂ ಎದ್ದಿಲ್ಲಬೇ’ ಎನ್ನುತ್ತಿದ್ದಳಂತೆ. ನೀವು ಬಿಸಿನೀರಿನಲ್ಲಿ ಹಿಂಡಿದ ಅರಿವೆ ಸುತ್ತಿ, ಮೆಲ್ಲಗೆ ಕಾಲು ಮಡಚಿ ಬಿಡಿಸಿ, ಶಾಲೆಗೆ ತಡವಾದರೂ ಬೈಯದೆ ಕೂಡುತ್ತಿದ್ದಿರಂತೆ. ಬಾವು ಇಳಿಯಲೆಂದು ಪ್ರತಿ ಶುಕ್ರವಾರ ಚುಚ್ಚುತ್ತಿದ್ದ ಸೂಜಿಗೆ ಅವಳ ಹೊಟ್ಟೆ ತೊಳಸುತ್ತಿತ್ತು. ಮರುದಿನ ಸಂಜೆ ಅವಳ ಅಪ್ಪ ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡು ಬರುತ್ತಿದ್ದರು. ಅಯ್ಯ, ಅದರ ಉಳ್ಳಾಗಡ್ಡಿ ಘಮ ನೆನೆದು ಎಂಬತ್ತು ದಾಟಿದ ಮುದುಕಿ ಬಾಯಿ ಚಪ್ಪರಿಸುತ್ತಿದ್ದಳು! ಕೇಳಿ ಕೇಳಿ, ನಾನು ಕಾಣದ ಆ ಮನೆಗಾಗಿ ನನಗೇ ಹಂಬಲ ಹತ್ತಿದೆ.

ಈಗ ಬರೆದ ಕಾರಣ ಹೇಳುತ್ತೇನೆ. ಸೂಜಿಮದ್ದು ನಾಟಿತು, ಬಾವು ಇಳಿಯಿತು, ಹುಡುಗಿ ಕುಂಟಾಬಿಲ್ಲೆ ಆಡಿದಳು. ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಿ ಎಂದಿದ್ದರು ಡಾಕ್ಟರು. ‘ಕಾಲುಬ್ಯಾನಿಗೆ ಕಣ್ಣ್ಯಾಕ ತೋರಸ್ಬೇಕ್ರಿ? ಬೆಳ್ಳಗ ಅದಾವಲ್ಲ’ ಎಂದು ನೀವು ಬಿಟ್ಟುಬಿಟ್ಟಿರಿ. ಯಾವ ತಾಯಿಗೂ ಹಾಗೆಯೇ ಅನಿಸೀತು. ಆದರೆ ಕೀಲಿನ ಆ ಬೇನೆ ಕಣ್ಣಿನೊಳಗೂ ಹೊಗಬಲ್ಲದು. ಕೆಂಪಾಗುವುದಿಲ್ಲ, ನೋಯುವುದಿಲ್ಲ, ಯಂತ್ರದಲ್ಲಿ ಬೆಳಕು ಬಿಟ್ಟು ನೋಡುವ ಕಣ್ಣಿನ ಡಾಕ್ಟರಿಗಷ್ಟೇ ಕಾಣುತ್ತದೆ. ಹತ್ತು ತುಂಬುವುದರೊಳಗೆ ಸೃಜನಾಳ ಎರಡೂ ಕಣ್ಣು ಹೋದವು. ಈ ಕಾಗದ ನಿಮ್ಮ ಕೈ ಸೇರುವಾಗ ಅವಳಿಗೆ ಆರು ವರ್ಷ, ಕಾಲ ಮಿಂಚಿಲ್ಲ. ನಾಳೆಯೇ ಕರೆದುಕೊಂಡು ಹೋಗಿ. ಡಾಕ್ಟರು ಸಾಕೆನ್ನುವವರೆಗೆ ಸೂಜಿಯನ್ನೂ ಬಿಡಬೇಡಿ.

ಮುತ್ತಜ್ಜಿ ನನ್ನನ್ನು ಮಡಿಲಿಗೆಳೆದುಕೊಂಡು, ಹಣೆ, ಮೂಗು, ಗದ್ದವನ್ನೆಲ್ಲ ಬೆರಳಿನಿಂದ ಸವರಿ ‘ನಮ್ಮವ್ವನ ಮೂಗ ಬಂದೈತಿ ನೋಡು’ ಎನ್ನುತ್ತಿದ್ದಳು. ನೀವು ಆಸ್ಪತ್ರೆಗೆ ಹೋದರೆ ಆ ಬೆರಳುಗಳ ನೆನಪು ನನ್ನಲ್ಲಿ ಉಳಿಯುವುದಿಲ್ಲವೆಂದು ಹಿನ್ನಂಚೆಯವರು ಎಚ್ಚರಿಸಿದ್ದಾರೆ. ನನ್ನ ಪಾಲಿಗೆ ಉಳಿದ ಆಸ್ತಿಯೆಂದರೆ ಅದೊಂದೇ. ಸಂಕಟವಾಗುತ್ತದೆ, ಅತ್ತೂ ಆಯಿತು. ಆದರೂ ಹೋಗಿಬನ್ನಿ, ತಾಯೀ. ಅವಳು ನನ್ನನ್ನು ಕಣ್ತುಂಬ ನೋಡಲಿ.

ಪ್ರಣತಿ